ಸಂದಿಗೆ ಸಿಮೆಂಟ್ ಮೆತ್ತುವ ಮೊದಲು ಒಂದು ಕಲ್ಲು ಎತ್ತಿ ನೋಡಿ

"ಮೇಸ್ತ್ರಿ, ಅಂಗಳದ ಕಲ್ಲುಗಳ ಸಂದಿ ಬಾಯಿ ಬಿಟ್ಟಿದೆ. ಒಂದು ಬಾಂಡ್ಲಿ ಸಿಮೆಂಟ್ ಕಲಸಿ ಮೆತ್ತಿಬಿಡಿ, ಸಾಕು." ನನಗೆ ಬರುವ ಫೋನ್‌ಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ನಾನು ಕೇಳುವುದು ಒಂದೇ ಪ್ರಶ್ನೆ: ಕಲ್ಲಿನ ಕೆಳಗೆ ಏನಿದೆ? ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಸಂದಿ ಎಲ್ಲರಿಗೂ ಕಾಣುತ್ತದೆ, ಕಲ್ಲಿನ ಅಡಿ ಯಾರು ನೋಡಿರುತ್ತಾರೆ, ಅಲ್ವಾ?

ಹೊರಗಿನ ನೆಲಕ್ಕೆ ಕಲ್ಲು ಹಾಸುವ ರೀತಿ ಮುಖ್ಯವಾಗಿ ಎರಡು. ಜಲ್ಲಿ ಹಾಕಿ ಕುಟ್ಟಿ ಗಟ್ಟಿ ಮಾಡಿ, ಅದರ ಮೇಲೆ ಒಂದು, ಒಂದೂವರೆ ಇಂಚು ಮರಳು ಹರಡಿ, ಕಲ್ಲು ಜೋಡಿಸಿ, ಸಂದಿಗೂ ಮರಳೇ ತುಂಬುವುದು ಒಂದು ರೀತಿ. ಇಂಟರ್‌ಲಾಕ್ ಬ್ಲಾಕ್‌ಗಳು ಸಾಮಾನ್ಯವಾಗಿ ಕೂರುವುದು ಹೀಗೆ. ಕೆಳಗೆ ಕಾಂಕ್ರೀಟ್, ಅದರ ಮೇಲೆ ಗಾರೆ, ಗಾರೆಯ ಮೇಲೆ ಚಪ್ಪಡಿ, ಸಂದಿಗೂ ಗಾರೆ, ಇದು ಇನ್ನೊಂದು. ಮರಳಿನ ಮೇಲಿನ ಕಲ್ಲು ಭಾರ ಬಿದ್ದಾಗ ಕೂದಲೆಳೆಯಷ್ಟು ಅಲುಗುತ್ತದೆ, ಅಲುಗಲೂ ಬೇಕು. ಸಂದಿಯ ಮರಳು ಆ ಭಾರವನ್ನು ಪಕ್ಕದ ಕಲ್ಲುಗಳಿಗೆ ಹಂಚುತ್ತದೆ. ಅಲ್ಲಿ ಸಿಮೆಂಟ್ ತುಂಬಿದರೆ ಏನಾಗುತ್ತದೆ? ಕಲ್ಲು ಅಲುಗುತ್ತದೆ, ಸಿಮೆಂಟ್ ಅಲುಗುವುದಿಲ್ಲ. ಕಲ್ಲಿನ ಅಂಚಿಗೇ ಸೀಳು ಬಿಡುತ್ತದೆ. ಆ ಸೀಳಿನಲ್ಲಿ ನೀರು ಇಳಿದು ಕೆಳಗಿನ ಮರಳನ್ನು ಒಂದು ಕಡೆ ಒಯ್ಯುತ್ತದೆ. ಆಮೇಲೆ ಕಾಲಿಟ್ಟ ಕಡೆಯೆಲ್ಲ ಟಕ್ ಟಕ್.

ಕೆಲಸ ಹೊಸದಾಗಿ ಕಲಿತಾಗ ನಾನೇ ಈ ತಪ್ಪು ಮಾಡಿದ್ದೆ. ಮರಳಿನ ಮೇಲೆ ಕೂತಿದ್ದ ಕಲ್ಲುಗಳಿಗೆ ಎರಡು ದಿನ ಕೂತು ನೀಟಾಗಿ ಸಿಮೆಂಟ್ ಪಾಯಿಂಟಿಂಗ್ ಮಾಡಿದೆ. ನೋಡಿದವರೆಲ್ಲ ಹೊಗಳಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಡ್ಡಿ ಕಡ್ಡಿಯಾಗಿ ಎದ್ದು ಬಂತು. ಬೆರಳಲ್ಲೇ ಕೀಳಬಹುದಿತ್ತು. ಬಿಟ್ಟಿಯಾಗಿ ಪೂರ್ತಿ ತೆಗೆದು ಮರಳು ತುಂಬಿಕೊಟ್ಟು ಬಂದೆ.

ಅದಕ್ಕೇ ಹೇಳುವುದು, ಮೊದಲು ಒಂದು ಕಲ್ಲು ಎತ್ತಿ ನೋಡಿ. ಎರಡು ಚಪ್ಪಟೆ ಪಟ್ಟಿ ಎರಡೂ ಕಡೆ ತೂರಿಸಿ ನಿಧಾನಕ್ಕೆ ಮೀಟಿದರೆ ಮರಳಿನ ಮೇಲಿನ ಕಲ್ಲು ಮೇಲೆ ಬರುತ್ತದೆ. ಏಳುವುದೇ ಇಲ್ಲ ಎಂದರೆ ಗಾರೆ ಹಿಡಿದಿದೆ ಅಂತ ಅರ್ಥ. ಹಾಗಿದ್ದರೆ ಸುತ್ತಿಗೆಯ ಹಿಡಿಯಿಂದ ಒಂದೊಂದೇ ಚಪ್ಪಡಿಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸಂದಿಯ ಕೆಲಸ ಮಾತ್ರ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಚಪ್ಪಡಿ ಗಾರೆಯಿಂದ ಬಿಟ್ಟಿದೆ. ಅದನ್ನು ಎತ್ತಿ ಹೊಸ ಗಾರೆಯ ಮೇಲೆ ಕೂರಿಸದೆ ಸಂದಿ ಮುಟ್ಟಿ ಪ್ರಯೋಜನ ಇಲ್ಲ. ಅಂಚಿನ ಕಟ್ಟೆ ಅಥವಾ ಕರ್ಬ್ ಕಲ್ಲು ಹೊರಗೆ ವಾಲಿದೆಯಾ ಅಂತಲೂ ನೋಡಿಕೊಳ್ಳಿ. ಅಂಚು ಜಾರಿದರೆ ಸಾಲು ಸಾಲಾಗಿ ಸಂದಿಗಳು ಅಗಲವಾಗುತ್ತವೆ. ಆಗ ಎಷ್ಟು ಮರಳು ಸುರಿದರೂ ನಿಲ್ಲುವುದಿಲ್ಲ.

ಮರಳಿನ ಸಂದಿಯ ರಿಪೇರಿ ಸುಲಭ, ಆದರೆ ತಾಳ್ಮೆ ಬೇಡುತ್ತದೆ. ಹುಲ್ಲನ್ನು ಬೇರು ಸಮೇತ ಕಿತ್ತು, ಹಳೆಯ ಮಣ್ಣು, ಪಾಚಿಯನ್ನು ಕೊಕ್ಕೆಯಿಂದ ಕೆದಕಿ ತೆಗೆಯಿರಿ. ಈ ಹುಲ್ಲು ಬರುವುದು ಕೆಳಗಿನಿಂದ ಅಂತ ತುಂಬಾ ಜನ ನಂಬಿದ್ದಾರೆ. ಹೆಚ್ಚಿನ ಸಲ ಹಾಗಲ್ಲ. ಗಾಳಿಯಲ್ಲಿ ಬಂದ ಬೀಜ ಸಂದಿಯಲ್ಲಿ ಕೂತ ದೂಳಿನಲ್ಲೇ ಮೊಳೆಯುತ್ತದೆ. ಕಲ್ಲಿನ ಅಡಿ ಪ್ಲಾಸ್ಟಿಕ್ ಹಾಸಿದರೂ ಅದು ನಿಲ್ಲುವುದಿಲ್ಲ, ಜೊತೆಗೆ ನೀರು ಇಳಿಯುವ ದಾರಿ ಮುಚ್ಚಿಹೋಗುತ್ತದೆ.

ತುಂಬುವ ಮರಳು ಪೂರ್ತಿ ಒಣಗಿರಬೇಕು. ಇದೇ ಇಡೀ ಕೆಲಸದ ಗುಟ್ಟು. ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡಿ, ಒಂದು ಹಿಡಿ ಎತ್ತಿ ಬೆರಳು ಸಡಿಲಿಸಿ. ನೀರಿನ ಹಾಗೆ ಸುರಿದರೆ ಸರಿ, ಅಂಗೈಗೆ ಅಂಟಿಕೊಂಡರೆ ಇನ್ನೂ ಒಣಗಬೇಕು. ಹಸಿ ಮರಳು ಸಂದಿಯ ಬಾಯಲ್ಲೇ ಸೇತುವೆ ಕಟ್ಟಿಕೊಳ್ಳುತ್ತದೆ. ಮೇಲೆ ತುಂಬಿದ ಹಾಗೆ ಕಾಣುತ್ತದೆ, ಒಳಗೆ ಖಾಲಿ. ಜರಡಿ ಹಿಡಿದ ಸಣ್ಣ ಮರಳನ್ನು ಸಂದಿಗೆ ಓರೆಯಾಗಿ ಗುಡಿಸಿ. ನೇರವಾಗಿ ಗುಡಿಸಿದರೆ ಪೊರಕೆಯೇ ಮರಳನ್ನು ಎತ್ತಿ ಹಾಕುತ್ತದೆ. ಆಮೇಲೆ ರಬ್ಬರ್ ಸುತ್ತಿಗೆಯಿಂದ ಕಲ್ಲನ್ನು ತಟ್ಟಿ. ಜಾಗ ದೊಡ್ಡದಿದ್ದರೆ ಅಡಿಗೆ ರಬ್ಬರ್ ಹಾಳೆ ಕಟ್ಟಿದ ಕಂಪಿಸುವ ಯಂತ್ರ ಓಡಿಸಿ. ಮರಳು ಬೆರಳುಗಣ್ಣಿನಷ್ಟು ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಮತ್ತೆ ಗುಡಿಸಿ, ಮತ್ತೆ ತಟ್ಟಿ. ಕುಸಿಯುವುದು ನಿಂತ ಮೇಲೆ, ಕಲ್ಲಿನ ಅಂಚಿಗಿಂತ 3 ಮಿಲಿಮೀಟರ್ ಕೆಳಗೆ ಮರಳು ನಿಂತಿದ್ದರೆ ಸರಿ.

ಪಾಲಿಮರ್ ಮರಳಿನ ಬಗ್ಗೆ ಈಗೀಗ ಎಲ್ಲರೂ ಕೇಳುತ್ತಾರೆ. ಮರಳಿನ ಜೊತೆ ಅಂಟು ಬೆರೆತಿರುತ್ತದೆ, ನೀರು ಬಿದ್ದಾಗ ಹಿಡಿದುಕೊಳ್ಳುತ್ತದೆ. ಹುಲ್ಲು, ಇರುವೆ ಕಾಟ ಇರುವ ಕಡೆ ಒಳ್ಳೆಯದೇ. ಆದರೆ ಅವಸರದವರಿಗೆ ಇದು ಆಗಿಬರುವುದಿಲ್ಲ. ಕಲ್ಲು ಒಣಗಿರಬೇಕು, ಮೇಲ್ಮೈಯ ಪುಡಿಯನ್ನು ಒಂದು ಚೂರೂ ಬಿಡದೆ ಗುಡಿಸಿ ಊದಬೇಕು, ಆಮೇಲೆಯೇ ನೀರು ಚಿಮುಕಿಸಬೇಕು. ಉಳಿದ ಪುಡಿ ಕಲ್ಲಿನ ಮೇಲೆ ಬೆಳ್ಳನೆ ಪೊರೆಯಾಗಿ ಕೂತರೆ ತೆಗೆಯುವುದು ಬಲು ಕಷ್ಟ.

ಇನ್ನು ಗಾರೆಯ ಸಂದಿ. ಇಲ್ಲಿ ಜನ ಮಾಡುವ ತಪ್ಪು ಎಂದರೆ ಹಳೆಯದರ ಮೇಲೇ ತೆಳ್ಳಗೆ ಬಳಿಯುವುದು. ಅದು ಹಪ್ಪಳದ ಹಾಗೆ ಏಳುತ್ತದೆ. ಸಂದಿ ಎಷ್ಟು ಅಗಲವೋ ಅದರ ಎರಡರಷ್ಟು ಆಳ, ಕಡಿಮೆ ಎಂದರೂ ಒಂದು ಇಂಚು, ಉಳಿಯಿಂದ ಬಿಡಿಸಿ ತೆಗೆಯಬೇಕು. ದೂಳು ಗುಡಿಸಿ, ಸಂದಿಯ ಗೋಡೆಗೆ ನೀರು ಕುಡಿಸಿ. ಒದ್ದೆ ಇರಲಿ, ನೀರು ನಿಲ್ಲಬಾರದು. ಒಣ ಕಲ್ಲು ಗಾರೆಯ ನೀರನ್ನು ಹೀರಿಬಿಡುತ್ತದೆ.

ಒಂದು ಪಾಲು ಸಿಮೆಂಟ್‌ಗೆ ನಾಲ್ಕು ಪಾಲು ಮರಳು ನನ್ನ ಅಳತೆ. ನೀರು ಮಾತ್ರ ಜಿಪುಣತನದಿಂದ ಹಾಕಿ. ಕೈಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಇಂಥ ಗಾರೆಯನ್ನು ಕಿರಿದಾದ ಕರಣೆಯಿಂದ ಎರಡು ಮೂರು ಪದರವಾಗಿ ಒತ್ತಿ ಒತ್ತಿ ತುಂಬಿದರೆ ಕಲ್ಲಿನ ಮೇಲೆ ಕಲೆಯೂ ಆಗುವುದಿಲ್ಲ. ನೀರು ನೀರಾಗಿ ಸುರಿದ ಸಿಮೆಂಟ್ ಒಣಗುತ್ತಾ ಕುಗ್ಗಿ ಅಂಚಿನಲ್ಲಿ ಬಿಡುತ್ತದೆ. ಒಣ ಸಿಮೆಂಟ್ ಮರಳನ್ನು ಗುಡಿಸಿ ಮೇಲೆ ನೀರು ಚಿಮುಕಿಸುವ ಅಡ್ಡದಾರಿಯೂ ಇದೆ. ಮೇಲಿನ ಪದರ ಮಾತ್ರ ಗಟ್ಟಿಯಾಗಿ ಒಳಗೆ ಪುಡಿಯೇ ಉಳಿಯುತ್ತದೆ, ಬೇಡ.

ಕಲೆಯಾದರೆ ಆಸಿಡ್ ಹಾಕೋಣ ಅನ್ನುವವರಿದ್ದಾರೆ. ಸುಣ್ಣಕಲ್ಲು, ಅಮೃತಶಿಲೆಯನ್ನು ಆಸಿಡ್ ತಿಂದುಹಾಕುತ್ತದೆ. ಕಬ್ಬಿಣದ ಅಂಶ ಇರುವ ಕಲ್ಲಿನಲ್ಲಿ ತುಕ್ಕಿನ ಬಣ್ಣ ಎದ್ದು ಬರಬಹುದು. ಹಳೆಯ ಕಟ್ಟಡದಲ್ಲಿ ಮೃದು ಕಲ್ಲು ಹಾಸಿದ ನೆಲಕ್ಕೆ ನಾನು ಸಿಮೆಂಟ್ ಮುಟ್ಟುವುದಿಲ್ಲ, ಸುಣ್ಣದ ಗಾರೆಯೇ ಸರಿ. ಗಾರೆ ಕಲ್ಲಿಗಿಂತ ಮೆತ್ತಗಿದ್ದರೆ ಸವೆಯುವುದು ಗಾರೆ. ಇಲ್ಲದಿದ್ದರೆ ಒಡೆಯುವುದು ಕಲ್ಲು.

ಗೋಡೆಗೆ ತಾಗುವ ಸಂದಿಗೆ ಗಾರೆ ತುಂಬಬೇಡಿ. ಬಿಸಿಲಿಗೆ ಹಿಗ್ಗುವ ನೆಲಕ್ಕೆ ಜಾಗ ಬೇಕು, ಅಲ್ಲಿ ರಬ್ಬರಿನಂಥ ಸೀಲಂಟ್ ಹಾಕಿ.

ಗಾರೆ ತುಂಬಿದ ಮೇಲೆ ಒದ್ದೆ ಗೋಣಿ ಹೊದಿಸಿ, ಒಂದು ವಾರ ಅದು ಆರದ ಹಾಗೆ ನೋಡಿಕೊಳ್ಳಿ. ಗಾಡಿ ಹತ್ತಿಸಲು ಇನ್ನೂ ಸ್ವಲ್ಪ ದಿನ ಕಾಯಿರಿ. ಮರಳಿನ ಸಂದಿಯಾದರೆ ಅದೇ ದಿನ ಓಡಾಡಬಹುದು, ಆದರೆ ಪ್ರೆಷರ್ ವಾಷರ್ ತಂದು ಸಂದಿಗೇ ನೇರ ಹಿಡಿಯಬೇಡಿ, ಹಾಕಿದ ಮರಳೆಲ್ಲ ಹಾರಿ ಹೋಗುತ್ತದೆ. ಮೊದಲ ನಾಲ್ಕಾರು ಮಳೆಗೆ ಮರಳು ಹೇಗೂ ಸ್ವಲ್ಪ ಇಳಿಯುತ್ತದೆ. ನಾನು ಕೆಲಸ ಮುಗಿಸಿ ಹೊರಡುವಾಗ ಅರ್ಧ ಚೀಲ ಒಣ ಮರಳನ್ನು ಮನೆಯವರ ಕೈಗೇ ಕೊಟ್ಟು, ಸೂರಿನ ಕೆಳಗೆ ಇಡಿ ಅಂತ ಹೇಳಿ ಬರುತ್ತೇನೆ.