ದ್ವೀಪದವರ ಬಾಯಿಗೆ ಒಂಬತ್ತು ವ್ಯಂಜನ

ಕತೆಗೋ ನಾಟಕಕ್ಕೋ ಕಾಲ್ಪನಿಕ ದ್ವೀಪದ ಭಾಷೆಯೊಂದನ್ನು ಕಟ್ಟಹೊರಟವರು ಮೊದಲು ವಿಚಿತ್ರ ಧ್ವನಿಗಳನ್ನು ರಾಶಿ ಹಾಕುತ್ತಾರೆ. ಆದರೆ ಯಾವ ಧ್ವನಿ ಬೇಡ ಎಂದು ತೀರ್ಮಾನಿಸಿದರೇ ಅರ್ಧ ಕೆಲಸ ಮುಗಿದಂತೆ. ಹವಾಯಿ ಭಾಷೆಯಲ್ಲಿರುವುದು 8 ವ್ಯಂಜನ. ಪೆಸಿಫಿಕ್‌ನ ಬೂಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆಯ ಒಂದು ಒಳನುಡಿಗೆ 6 ಸಾಕಾಗಿದೆ.

ಕಾಸರಗೋಡಿನ ಕನ್ನಡಿಗರಿಗೆ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಕಿವಿಗೆ ಬಿದ್ದಿರುತ್ತವೆ. ಅದು ಅನುಕೂಲವೂ ಹೌದು, ತೊಡಕೂ ಹೌದು. ಟ, ಣ, ಳ ಮತ್ತು ದ್ವಿತ್ವ ಕೇಳದೆಯೇ ನುಸುಳಿ, ಹೊಸ ಭಾಷೆ ಅಂದುಕೊಂಡದ್ದು ವೇಷ ಹಾಕಿದ ಮಲಯಾಳವಾಗಿಬಿಡುತ್ತದೆ. ಇವುಗಳ ಜತೆ ದೀರ್ಘಸ್ವರವನ್ನೂ ಮೊದಲೇ ಹೊರಗಿಡಿ.

ಉಳಿದದ್ದು ಹೀಗಿರಲಿ: ಪ ತ ಕ, ಮ ನ ಙ, ಲ ವ ಹ, ಸ್ವರಗಳು ಅ ಇ ಉ ಎ ಒ. ಙ ನಮ್ಮ ವರ್ಣಮಾಲೆಯಲ್ಲಿದ್ದರೂ ಕನ್ನಡದ ಪದ ಅದರಿಂದ ಶುರುವಾಗುವುದಿಲ್ಲ. ಪೆಸಿಫಿಕ್ ದ್ವೀಪಗಳ ಹಲವು ಭಾಷೆಗಳಲ್ಲಿ ಆಗುತ್ತದೆ. ಮಲಯಾಳದ ‘ಮಾಙ್ಙ’ (ಮಾವು), ‘ತೇಙ್ಙ’ (ತೆಂಗಿನಕಾಯಿ) ದಿನಾ ಕೇಳುವವರಿಗೆ ಗ ಬೆರೆಸದೆ ಙ ಹೇಳುವುದು ಗೊತ್ತು. ಅದನ್ನೇ ಪದದ ಮೊದಲಿಗೆ ತಂದರಾಯಿತು. ಗ, ದ, ಬಗಳ ಘೋಷ (ಗಂಟಲಿನ ನಾದವಿರುವ) ಸಾಲು ಪೂರ್ತಿ ಇಲ್ಲದಿದ್ದರೂ ನಡೆಯುತ್ತದೆ. ಒಂದನ್ನು ಮಾತ್ರ ಬಿಡುವುದಾದರೆ ಗ ಬಿಡಿ. ನಾಲಿಗೆಯ ಬುಡ ಮುಚ್ಚಿಕೊಂಡಾಗ ಗಾಳಿಗೆ ಜಾಗ ತೀರ ಕಡಿಮೆ. ಒತ್ತಡ ಬೇಗ ಏರಿ ಗಂಟಲಿನ ನಾದ ನಿಂತುಹೋಗುತ್ತದೆ.

ಇನ್ನು ಅಕ್ಷರದ ನಿಯಮ. ಸ್ವರ ಇರಲೇಬೇಕು, ಅದಕ್ಕೆ ಮೊದಲು ಒಂದು ವ್ಯಂಜನ ಇರಬಹುದು, ಇಲ್ಲದೆಯೂ ಇರಬಹುದು. ಒತ್ತಕ್ಷರವಿಲ್ಲ, ವ್ಯಂಜನದಲ್ಲಿ ಪದ ಮುಗಿಯುವುದಿಲ್ಲ. ಒಂಬತ್ತು ವ್ಯಂಜನ, ಜತೆಗೆ ವ್ಯಂಜನವಿಲ್ಲದ್ದೊಂದು, ಹೀಗೆ ಹತ್ತು; ಸ್ವರ ಐದು: ಲೆಕ್ಕ 10 × 5 = 50. ವು, ವೊ ಎರಡೂ ಉ, ಒಗಳ ಜತೆ ಬೆರೆತುಹೋಗುವುದರಿಂದ ಅವನ್ನು ತೆಗೆದರೆ 48. ಎರಡಕ್ಷರದ ಪದಗಳು 2,304, ಮೂರಕ್ಷರದವು 1,10,592 ಸಿಗುತ್ತವೆ. ಧಾರಾಳವಾಯಿತು. ಹಾಗೆಂದು ಎಲ್ಲವನ್ನೂ ಎರಡಕ್ಷರದಲ್ಲಿ ತುರುಕಬೇಡಿ. ಅನುನಾಸಿಕಗಳು ಕಿವಿಗೆ ಬೇಗ ಗೊಂದಲವಾಗುತ್ತವೆ. ಮಲಿ, ನಲಿ, ಙಲಿ ಮೂವರೂ ರಂಗದ ಮೇಲಿದ್ದರೆ ಹಿಂದಿನ ಸಾಲಿನವರಿಗೆ ಒಬ್ಬರೇ!

ಕಟ್ಟಿದ್ದು ನಿಲ್ಲುತ್ತದೆಯೇ ಎಂದು ಎರವಲು ಪದದಿಂದ ಪರೀಕ್ಷಿಸಬೇಕು. ಹವಾಯಿಯವರ ಬಾಯಲ್ಲಿ ‘ಮೆರಿ ಕ್ರಿಸ್ಮಸ್’ ಎಂಬುದು ‘ಮೆಲೆ ಕಲಿಕಿಮಕ’ ಆಗಿದೆ: ರ ಹೋಗಿ ಲ, ಸ ಹೋಗಿ ಕ, ಒತ್ತಕ್ಷರದ ನಡುವೆ ಸ್ವರ. ಸ್ಕೂಲನ್ನು ‘ಇಸ್ಕೂಲು’ ಮಾಡಿಕೊಂಡ ನಮಗೇನೂ ಇದು ಹೊಸತಲ್ಲ. ನಮ್ಮ ದ್ವೀಪದಲ್ಲಿ ಘೋಷ ಹೋಗಿ ಅಘೋಷ (ಡ ಇದ್ದಲ್ಲಿ ತ), ಸ ಇದ್ದಲ್ಲಿ ಹ, ರ-ಳ ಇದ್ದಲ್ಲಿ ಲ, ಒತ್ತಿನ ನಡುವೆ ಹಿಂದಿನ ಸ್ವರದ ನಕಲು. ಆಗ ಕಾಸರಗೋಡು ‘ಕಹಲಕೊತು’, ಕುಂಬಳೆ ‘ಕುಮುಪಲೆ’, ಪುಸ್ತಕ ‘ಪುಹುತಕ’. ಇಂಪಾಗಿಲ್ಲವೆಂದು ಮಧ್ಯೆ ಕೈಯಾಡಿಸಿದರೆ ಕಟ್ಟು ಸಡಿಲವಾಗುತ್ತದೆ.

ನೆರೆ ದ್ವೀಪಕ್ಕೆ ಸೋದರ ಭಾಷೆ ಬೇಕೇ? ಪದಗಳನ್ನು ಹೊಸದಾಗಿ ಹುಟ್ಟಿಸಬೇಡಿ, ಧ್ವನಿಯೊಂದನ್ನು ಬದಲಿಸಿ. ಹಳಗನ್ನಡದ ಪಾಲ್, ಪುಲಿ ನಮಗೆ ಹಾಲು, ಹುಲಿ. ಮಲಯಾಳದಲ್ಲಿ ಇಂದಿಗೂ ಪಾಲ್, ಪುಲಿ. ತುಳುವಿನಲ್ಲಿ ಪೇರ್, ಪಿಲಿ. ಲಕ್ಷದ್ವೀಪದ ಜೆಸರಿ ನುಡಿಯಲ್ಲಿ ಪದದ ಮೊದಲಿನ ಪ ಈಗ ತುಟಿ-ಹಲ್ಲಿನ ಫ. ಕನ್ನಡದಲ್ಲಿ ಮೊದಲಿನ ಪ ಹ ಆದರೂ ಅಪ್ಪ, ತುಪ್ಪ, ತಂಪುಗಳ ಪ ಹಾಗೆಯೇ ಉಳಿಯಿತು. ಬದಲಾವಣೆ ಎಲ್ಲಿ ಆಗುವುದಿಲ್ಲ ಎಂಬುದನ್ನೂ ನಿಯಮದಲ್ಲಿ ಬರೆಯಬೇಕು.

ಹೆಚ್ಚು ಎಡವುವುದು ಅನುಕ್ರಮದಲ್ಲಿ. ‘ಪಲಿ’, ‘ಹಲಿ’ ಎಂಬ ಎರಡು ಪದ ತೆಗೆದುಕೊಳ್ಳಿ. ಮೊದಲು ಹ ಉದುರಿ, ಆಮೇಲೆ ಪ ಹ ಆದರೆ ‘ಹಲಿ’, ‘ಅಲಿ’ ಎಂದು ಬೇರೆಬೇರೆಯಾಗಿ ಉಳಿಯುತ್ತವೆ. ಮೊದಲು ಪ ಹ ಆಗಿ, ಆಮೇಲೆ ಹ ಉದುರಿದರೆ ಎರಡೂ ‘ಅಲಿ’. ಹಳಗನ್ನಡದ ದೇಸಿ ಪದಗಳಲ್ಲಿ ಹ ಹೆಚ್ಚುಕಡಿಮೆ ಇರಲೇ ಇಲ್ಲ, ಹಾಗಾಗಿ ಅಲ್ಲಿ ಈ ಇಕ್ಕಟ್ಟು ಬರಲಿಲ್ಲ. ನಮ್ಮ ದ್ವೀಪದಲ್ಲಿ ಹ ಮೊದಲಿನಿಂದಲೂ ಇದೆ. ನಿಯಮಗಳಿಗೆ ಕ್ರಮಸಂಖ್ಯೆ ಹಾಕಿಯೇ ಬರೆದಿಡಬೇಕು.