ಪ್ರೋಟೀನ್ ಸ್ಕಿಮ್ಮರ್: ಉಪ್ಪುನೀರಿನ ಅಕ್ವೇರಿಯಂಗೆ ಮೊದಲು ಕೊಳ್ಳಬೇಕಾದ ಫಿಲ್ಟರ್

ಸಮುದ್ರದ ಮೀನು ಸಾಕುವ ಟ್ಯಾಂಕಿನ ಕೊಳೆಯನ್ನು ನೊರೆ ಮಾಡಿ ಹೊರಗೆ ಹಾಕುವ ಸಾಧನವೇ ಪ್ರೋಟೀನ್ ಸ್ಕಿಮ್ಮರ್. ನೋಡೋಕೆ ತುಂಬಾ ಸರಳ. ನಡುವೆ ಅಕ್ರಿಲಿಕ್ ಕೊಳವೆ, ಕೆಳಗೊಂದು ಪಂಪ್, ಮೇಲೆ ಮುಚ್ಚಳ ಇರುವ ಕಪ್. ಒಳಗೆ ಸ್ಪಂಜಿಲ್ಲ, ಹತ್ತಿಯಿಲ್ಲ, ಜಾಲರಿಯಿಲ್ಲ. ಹಾಗಾಗಿ ಸಿಹಿನೀರಿನ ಟ್ಯಾಂಕ್ ಇಟ್ಟು ಅಭ್ಯಾಸ ಆದವರಿಗೆ ಇದನ್ನು ಫಿಲ್ಟರ್ ಅಂತ ಒಪ್ಪಿಕೊಳ್ಳೋದೇ ಕಷ್ಟ. ಉಪ್ಪುನೀರಿನ ಟ್ಯಾಂಕ್ ಶುರು ಮಾಡುವಾಗ ಬಹಳ ಜನ ಮೊದಲು ದೊಡ್ಡದೊಂದು ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಸ್ಪಂಜು, ಸೆರಾಮಿಕ್ ತುಂಡು ತುಂಬಿದ ಮುಚ್ಚಿದ ಡಬ್ಬಿ, ತರುತ್ತಾರೆ. ಸ್ಕಿಮ್ಮರ್ ಆಮೇಲೆ ನೋಡಿದರಾಯಿತು ಅಂದುಕೊಳ್ಳುತ್ತಾರೆ. ಈ ಕ್ರಮ ತಿರುಗಾ ಮುರುಗಾ ಆಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಫಿಲ್ಟರಿಗೆ ಅಂತ ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಸ್ಕಿಮ್ಮರಿಗೆ ಹೋಗಬೇಕು. ಯಾಕೆ ಅಂತ ತಿಳಿಯಬೇಕಾದರೆ ಅದು ಕೆಲಸ ಮಾಡುವ ಬಗೆ ಗೊತ್ತಿರಬೇಕು.

ಟ್ಯಾಂಕಿನಲ್ಲಿ ಕಣ್ಣಿಗೆ ಕಾಣುವ ಕೊಳೆ ಸ್ವಲ್ಪ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರದ ಚೂರು. ಇವನ್ನು ಸ್ಪಂಜು ಹಿಡಿಯುತ್ತದೆ. ಕಾಣದ ಕೊಳೆಯೇ ಜಾಸ್ತಿ. ಮೀನಿನ ಮೈಯ ಲೋಳೆ, ಫ್ರೋಜನ್ ಆಹಾರ ಬಿಡುವ ರಸ, ಪಾಚಿ ಒಸರುವ ಪದಾರ್ಥ ಎಲ್ಲ ನೀರಿನಲ್ಲಿ ಕರಗಿ ಹೋಗಿರುತ್ತವೆ. ಎಂಥ ನವಿರಾದ ಬಟ್ಟೆಯಲ್ಲಿ ಸೋಸಿದರೂ ಅವು ಸಿಗುವುದಿಲ್ಲ. ಆದರೆ ಇವುಗಳಲ್ಲಿ ಬಹುಪಾಲು ಅಣುಗಳಿಗೆ ಒಂದು ಗುಣ ಇದೆ. ಅವುಗಳ ಒಂದು ತುದಿ ನೀರಿಗೆ ಹೊಂದಿಕೊಳ್ಳುತ್ತದೆ, ಇನ್ನೊಂದು ತುದಿ ನೀರಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಹಾಗಾಗಿ ನೀರೂ ಗಾಳಿಯೂ ಸೇರುವ ಗಡಿ ಎಲ್ಲಿ ಸಿಕ್ಕರೂ ಅವು ಅಲ್ಲಿ ಹೋಗಿ ಅಂಟಿಕೊಳ್ಳುತ್ತವೆ.

ಒಂದೊಂದು ಗಾಳಿಗುಳ್ಳೆಯೂ ಅಂಥದೊಂದು ಗಡಿ. ಸ್ಕಿಮ್ಮರಿನ ಪಂಪ್ ಗಾಳಿಯನ್ನು ಎಳೆದುಕೊಂಡು, ಚೂರು ಚೂರು ಮಾಡಿ, ಹಾಲಿನಂತೆ ಬೆಳ್ಳಗೆ ಕಾಣುವಷ್ಟು ಸಣ್ಣ ಗುಳ್ಳೆಗಳನ್ನು ಕೊಳವೆಯೊಳಗೆ ತುಂಬುತ್ತದೆ. ಗುಳ್ಳೆಗಳು ನಿಧಾನವಾಗಿ ಮೇಲೇರುತ್ತಾ ಕೊಳೆಯನ್ನು ಮೈಗೆ ಹತ್ತಿಸಿಕೊಳ್ಳುತ್ತವೆ. ಕೊಳವೆಯ ಮೇಲ್ಭಾಗ ಕಿರಿದಾಗುತ್ತಾ ಹೋಗುತ್ತದೆ. ಆ ಕುತ್ತಿಗೆಯಲ್ಲಿ ಗುಳ್ಳೆಗಳು ಒತ್ತೊತ್ತಾಗಿ ನೊರೆಯಾಗುತ್ತವೆ, ನಡುವಿನ ನೀರು ಕೆಳಗೆ ಇಳಿದುಹೋಗುತ್ತದೆ, ಗಟ್ಟಿ ನೊರೆ ಮಾತ್ರ ಏರಿ ಕಪ್ಪಿನೊಳಗೆ ಬಿದ್ದು ಕಂದು ದ್ರವವಾಗುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿಯಿಂದ ರಸ್ತೆಗೆ ಹಾರಿ ಬರುತ್ತಿದ್ದ ಬಿಳಿ ನೊರೆ ನೆನಪಿದೆ ಅಲ್ವಾ? ಅಲ್ಲಿ ನಡೆದದ್ದೂ ಇದೇ. ಡಿಟರ್ಜೆಂಟ್ ಸೇರಿದ ಕೊಳಚೆ ನೀರು ಕೋಡಿಯಿಂದ ಧುಮುಕುವಾಗ ಗಾಳಿ ಜೊತೆ ಕಲಸಿಹೋಗುತ್ತಿತ್ತು. ಡಿಟರ್ಜೆಂಟ್ ಅಣುಗಳು ಗುಳ್ಳೆಗಳಿಗೆ ಅಂಟಿ ನೊರೆ ಎದ್ದು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡಲತೀರಗಳಲ್ಲಿ ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಕೆನೆಬಣ್ಣದ ನೊರೆಯೂ ಇದೇ ಜಾತಿಯದು. ಅಲ್ಲಿ ಅದನ್ನು ಮಾಡುವುದು ಸತ್ತ ಪ್ಲವಕಗಳಿಂದ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು), ಪಾಚಿಯಿಂದ ಬಂದ ಪದಾರ್ಥ.

ಹೆಸರಿನಲ್ಲಿ ಪ್ರೋಟೀನ್ ಇದ್ದರೂ ಕಪ್ಪಿಗೆ ಬರುವುದು ಅದೊಂದೇ ಅಂತಲ್ಲ. ಕೊಬ್ಬು, ಬ್ಯಾಕ್ಟೀರಿಯಾ, ಸಣ್ಣ ಕಣಗಳು ಎಲ್ಲ ಬರುತ್ತವೆ. ಅಮೋನಿಯಾ, ನೈಟ್ರೇಟ್ ಮಾತ್ರ ಬರುವುದಿಲ್ಲ, ಅವಕ್ಕೆ ಗುಳ್ಳೆಗೆ ಅಂಟುವ ಗುಣ ಇಲ್ಲ. ಇದನ್ನು ಚೆನ್ನಾಗಿ ನೆನಪಿಡಬೇಕು. ಕೊಳೆತು ಅಮೋನಿಯಾ ಆಗಬಹುದಾದ ಪದಾರ್ಥವನ್ನು ಕೊಳೆಯುವ ಮೊದಲೇ ಎತ್ತಿಹಾಕುವುದು ಸ್ಕಿಮ್ಮರಿನ ಕೆಲಸ. ಕೊಳೆತ ಮೇಲೆ ಅದರ ಕೈಯಲ್ಲಿ ಏನೂ ಆಗುವುದಿಲ್ಲ.

ಆಮೇಲಿನ ಕೆಲಸ ಬ್ಯಾಕ್ಟೀರಿಯಾಗಳದು. ಕಲ್ಲು, ಮರಳು, ಸೆರಾಮಿಕ್ ತುಂಡುಗಳ ಮೇಲೆ ಬೆಳೆಯುವ ಇವು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಕ್ಯಾನಿಸ್ಟರ್ ಫಿಲ್ಟರ್ ಮಾಡಿಸುವುದೂ ಇದನ್ನೇ. ಅದರ ತೊಂದರೆ ಏನೆಂದರೆ, ಹಿಡಿದ ಕೊಳೆ ಡಬ್ಬಿಯೊಳಗೇ ಕೂತಿರುತ್ತದೆ. ಟ್ಯಾಂಕಿನ ನೀರೆಲ್ಲ ಆ ಕೊಳೆಯ ಮೇಲೇ ಹಾದುಹೋಗುತ್ತಿರುತ್ತದೆ. ತಿಂಗಳುಗಟ್ಟಲೆ ತೊಳೆಯದೆ ಬಿಟ್ಟರೆ ನೈಟ್ರೇಟ್ ಏರುತ್ತಲೇ ಹೋಗುತ್ತದೆ. ಸ್ಕಿಮ್ಮರ್ ಹಿಡಿದ ಕೊಳೆ ಕಪ್ಪಿಗೆ ಬಿದ್ದಮೇಲೆ ನೀರಿನ ಸಂಪರ್ಕ ಕಡಿದುಕೊಳ್ಳುತ್ತದೆ. ನಾನು ಅದರ ಪರ ನಿಲ್ಲುವುದಕ್ಕೆ ಈ ಒಂದು ಕಾರಣವೇ ಸಾಕು.

ಹಾಗಾದರೆ ಸಿಹಿನೀರಿನ ಟ್ಯಾಂಕಿಗೆ ಯಾಕೆ ಸ್ಕಿಮ್ಮರ್ ಇಡುವುದಿಲ್ಲ? ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ತಾಗಿದ ಕೂಡಲೇ ಸೇರಿ ದೊಡ್ಡದಾಗಿ ಬಿಡುತ್ತವೆ. ದೊಡ್ಡ ಗುಳ್ಳೆ ಬೇಗ ಮೇಲೇರಿ ಒಡೆದುಹೋಗುತ್ತದೆ, ನೊರೆ ನಿಲ್ಲುವುದಿಲ್ಲ. ಉಪ್ಪು ಈ ಸೇರುವಿಕೆಯನ್ನು ತಡೆಯುತ್ತದೆ. ಇನ್ನೊಂದು ಕಡೆ, ಸ್ಕಿಮ್ಮರಿನ ಅಗತ್ಯವೂ ಸಮುದ್ರದ ನೀರಿನಲ್ಲೇ ಜಾಸ್ತಿ. ಉಪ್ಪುನೀರಿನ ಟ್ಯಾಂಕಿನ ಪಿಎಚ್ 8.1ರಿಂದ 8.4ರ ಆಸುಪಾಸು ಇರುತ್ತದೆ. ಪಿಎಚ್ 7 ಇರುವ ಸಿಹಿನೀರಿಗೆ ಹೋಲಿಸಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಇಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು. ಆಮ್ಲಜನಕವೂ ಇಲ್ಲಿ ಕಮ್ಮಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಹಿಡಿಯುವುದು 6.8ರಷ್ಟು. ಬೇಸಿಗೆಯಲ್ಲಿ ನೀರು 30 ಡಿಗ್ರಿ ಮುಟ್ಟಿದರೆ ಇನ್ನೂ ಕಡಿಮೆ. ಸ್ಕಿಮ್ಮರ್ ಹಗಲೂ ರಾತ್ರಿ ನೀರಿಗೆ ಗಾಳಿ ಬೆರೆಸುತ್ತಾ ಇರುವುದರಿಂದ ಈ ಕೊರತೆಯೂ ನೀಗುತ್ತದೆ.

ಅತಿಯಾದ ನಿರೀಕ್ಷೆಯೂ ಬೇಡ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಜೊತೆಗಾರರು 2009ರ ಸುಮಾರಿಗೆ ಹಲವು ಸ್ಕಿಮ್ಮರುಗಳನ್ನು ಅಳೆದು ನೋಡಿದರು. ನೀರಿನಲ್ಲಿದ್ದ ಸಾವಯವ ಇಂಗಾಲದಲ್ಲಿ (ಕೊಳೆಯನ್ನು ಅಳೆಯುವ ಒಂದು ಲೆಕ್ಕ) ಅವು ತೆಗೆಯಬಲ್ಲದ್ದು ಮೂರನೇ ಒಂದರಷ್ಟು, ಕೆಲವು ಸಲ ಅದಕ್ಕಿಂತಲೂ ಕಮ್ಮಿ ಅಂತ ಕಂಡುಬಂತು. ಬೆಲೆ ಜಾಸ್ತಿ ಇದ್ದದ್ದು ಎಷ್ಟೋ ಪಾಲು ಉತ್ತಮ ಅಂತಲೂ ಆಗಲಿಲ್ಲ. ಉಳಿದದ್ದನ್ನು ನೀರು ಬದಲಿಸಿಯೋ, ಆಕ್ಟಿವೇಟೆಡ್ ಕಾರ್ಬನ್ (ಕೊಳೆ ಹೀರುವ ಇದ್ದಿಲು) ಇಟ್ಟೋ ತೆಗೆಯಬೇಕು. ಸ್ಕಿಮ್ಮರ್ ಇದೆ ಅಂತ ನೀರು ಬದಲಿಸುವುದನ್ನು ನಿಲ್ಲಿಸುವಂತಿಲ್ಲ.

ಜರ್ಮನಿಯ ಹವ್ಯಾಸಿಗಳು ರೂಢಿಗೆ ತಂದ ಬರ್ಲಿನ್ ಪದ್ಧತಿಯಲ್ಲಿ ಫಿಲ್ಟರ್ ಅಂದರೆ ಎರಡೇ: ಜೀವಂತ ಕಲ್ಲು ಮತ್ತು ಒಂದು ಬಲವಾದ ಸ್ಕಿಮ್ಮರ್. ಜೀವಂತ ಕಲ್ಲು ಅಂದರೆ ಹವಳದ ದಿಬ್ಬದಿಂದ ಬಂದ, ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ತುಂಬಿದ ತೂತು ತೂತಾದ ಕಲ್ಲು. ನಮ್ಮಲ್ಲಿ ಇದಕ್ಕೆ ಕಾನೂನಿನ ತಡೆ ಇದೆ, ಅದು ಸರಿಯೂ ಹೌದು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಮುರುಡೇಶ್ವರದಿಂದ ಕಾಣುವ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ಹವಳದ ತುಂಡನ್ನೂ ಟ್ಯಾಂಕಿಗೆ ತರುವ ಹಾಗಿಲ್ಲ. ಯಾರಾದರೂ ಗುಟ್ಟಾಗಿ ಮಾರಲು ಬಂದರೂ ದಯವಿಟ್ಟು ಕೊಳ್ಳಬೇಡಿ. ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲು ತಂದು, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಒಂದೆರಡು ತಿಂಗಳು ಕಾದರೆ ಅದೇ ಕೆಲಸ ಆಗುತ್ತದೆ. ಒಣ ಕಲ್ಲಿನಲ್ಲಿ ಚೆನ್ನಾಗಿ ನೆಲೆಯೂರುವ ತನಕ ಬ್ಯಾಕ್ಟೀರಿಯಾಗಳ ಬಲ ಕಡಿಮೆ. ಕೊಳೆ ಮೊದಲೇ ಹೊರಗೆ ಹೋದಷ್ಟೂ ಅವುಗಳ ಹೊರೆ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಸ್ಕಿಮ್ಮರಿನ ಪಾತ್ರ ಇನ್ನೂ ದೊಡ್ಡದು.

ಈಗ ಆಯ್ಕೆ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಅಂದುಕೊಳ್ಳಿ. ಲೆಕ್ಕಕ್ಕೆ 182 ಲೀಟರ್. ಕಲ್ಲು ಮರಳಿನ ಜಾಗ ಕಳೆದು, ಕೆಳಗಿನ ಸಂಪಿನ (ಟ್ಯಾಂಕಿನ ಅಡಿಯಲ್ಲಿ ಫಿಲ್ಟರ್ ಸಾಧನಗಳನ್ನು ಇಡುವ ಇನ್ನೊಂದು ತೊಟ್ಟಿ) ನೀರು ಕೂಡಿಸಿದರೆ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಪೆಟ್ಟಿಗೆಯ ಮೇಲೆ '200 ಲೀಟರ್ ತನಕ' ಅಂತ ಬರೆದ ಸ್ಕಿಮ್ಮರ್ ಸಾಕು ಅನ್ನಿಸುತ್ತದೆ. ಆದರೆ ಆ ಸಂಖ್ಯೆ ಸಾಮಾನ್ಯವಾಗಿ ಮೀನು ಕಡಿಮೆ ಇರುವ, ಮಿತವಾಗಿ ಆಹಾರ ಹಾಕುವ ಟ್ಯಾಂಕಿನದು. ಒಂದು ಜೋಡಿ ಕ್ಲೌನ್ ಮೀನು, ಜೊತೆಗೆ ಇನ್ನೆರಡು ಮೂರು ಸಣ್ಣ ಮೀನು ಇಟ್ಟು ದಿನಾ ಎರಡು ಹೊತ್ತು ಆಹಾರ ಹಾಕುವವರು 300 ಲೀಟರ್ ಅಂತ ಬರೆದದ್ದನ್ನು ತರುವುದು ಒಳ್ಳೆಯದು. ಹಾಗಂತ ಸಾವಿರ ಲೀಟರಿನದು ತಂದರೆ ಅದೂ ಕೆಲಸ ಮಾಡದು. ಅಗಲ ಕುತ್ತಿಗೆಯ ದೊಡ್ಡ ಸ್ಕಿಮ್ಮರಿನಲ್ಲಿ ನೊರೆ ಗಟ್ಟಿಯಾಗಿ ಮೇಲೇರಬೇಕಾದರೆ ಅಷ್ಟು ಕೊಳೆ ಬೇಕು. ಚಿಕ್ಕ ಟ್ಯಾಂಕಿನಲ್ಲಿ ಅಷ್ಟು ಇರುವುದಿಲ್ಲ, ನೊರೆ ಅರ್ಧದಲ್ಲೇ ಒಡೆಯುತ್ತದೆ. ಐವತ್ತು ಅರವತ್ತು ಲೀಟರಿನ ಪುಟ್ಟ ಟ್ಯಾಂಕಾದರೆ ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ, ವಾರಕ್ಕೊಮ್ಮೆ ಒಂದು ಬಕೆಟ್ ನೀರು ಬದಲಿಸಿದರಾಯಿತು.

ಪಂಪಿನ ಒಳಗೆ ಸೂಜಿಯಂಥ ಕಡ್ಡಿಗಳಿರುವ ನೀಡಲ್ ವೀಲ್ ಇಂಪೆಲ್ಲರ್ (ತಿರುಗುವ ಚಕ್ರ) ಇರುವುದನ್ನೇ ತೆಗೆದುಕೊಳ್ಳಿ. ಕರೆಂಟು ಕಮ್ಮಿ ತಿನ್ನುತ್ತದೆ, ಗುಳ್ಳೆ ಚೆನ್ನಾಗಿ ಬರುತ್ತದೆ. ಗಾಳಿಕಲ್ಲಿನ (ಗಾಳಿಯನ್ನು ಗುಳ್ಳೆ ಮಾಡಿ ಬಿಡುವ ತೂತು ತೂತಾದ ತುಂಡು) ಹಳೇ ಮಾದರಿಗಳೂ ಕೆಲಸ ಮಾಡುತ್ತವೆ, ಆದರೆ ಮರದಿಂದ ಮಾಡಿದ ಆ ಗಾಳಿಕಲ್ಲನ್ನು ಕೆಲವು ವಾರಕ್ಕೊಮ್ಮೆ ಬದಲಿಸುತ್ತಾ ಇರಬೇಕು. ಬಿಡಿ ಇಂಪೆಲ್ಲರ್ ಊರಲ್ಲಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಸಂಪ್ ಇಲ್ಲದವರಿಗೆ ಟ್ಯಾಂಕಿನ ಅಂಚಿಗೆ ನೇತುಹಾಕುವ ಬಗೆಯೂ ಇದೆ. ಸಂಪಿನಲ್ಲಿ ಇಡುವವರು ಕ್ಯಾಬಿನೆಟ್ಟಿನ ಒಳಗಿನ ಎತ್ತರ ಅಳೆಯಬೇಕು. ಸ್ಕಿಮ್ಮರ್ ಹಿಡಿಸಿದರೆ ಸಾಲದು, ಕಪ್ ಮೇಲಕ್ಕೆ ಎತ್ತಿ ತೆಗೆಯಲು ಮೇಲೆ ಇನ್ನೂ ಜಾಗ ಬೇಕು. ಕಪ್ ತೆಗೆಯೋಕೆ ತ್ರಾಸ ಆದರೆ ತೊಳೆಯುವುದು ತಪ್ಪಿಹೋಗುತ್ತದೆ.

ತೊಳೆಯುವುದು ಇಲ್ಲಿ ಬರೀ ಅಂದಕ್ಕಲ್ಲ. ಕುತ್ತಿಗೆಯ ಒಳಗೋಡೆಗೆ ಜಿಡ್ಡು ಹತ್ತಿದರೆ ನೊರೆ ಅದಕ್ಕೆ ತಾಗಿ ಒಡೆಯುತ್ತದೆ, ಮೇಲೆ ಬರುವುದೇ ಇಲ್ಲ. ವಾರಕ್ಕೆ ಎರಡು ಸಲ ಆ ಒಂದು ಭಾಗ ಒರೆಸಿದರೂ ಫಲ ಕಾಣುತ್ತದೆ. ಎಣ್ಣೆ ಕೈಯನ್ನು ಟ್ಯಾಂಕಿಗೆ ಹಾಕಿದರೂ, ಕೊಬ್ಬಿನಂಶ ಇರುವ ಆಹಾರ ಹಾಕಿದರೂ ಕೆಲವು ಗಂಟೆ ನೊರೆ ಕುಸಿಯುತ್ತದೆ. ಗಾಬರಿ ಬೇಡ, ತಾನಾಗಿ ಸರಿಹೋಗುತ್ತದೆ. ಗಾಳಿ ಎಳೆಯುವ ಸಣ್ಣ ಪೈಪಿನ ತುದಿಯಲ್ಲಿ ಉಪ್ಪು ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಆ ಪೈಪನ್ನು ಒಂದು ಲೋಟ ಬೆಚ್ಚಗಿನ ಸಿಹಿನೀರಿಗೆ ಅದ್ದಿದರೆ ಪಂಪ್ ನೀರನ್ನು ಎಳೆದುಕೊಂಡು ಉಪ್ಪು ಕರಗಿಸುತ್ತದೆ.

ಹೊಸ ಸ್ಕಿಮ್ಮರ್ ಹಾಕಿದ ಮೊದಲ ಒಂದೆರಡು ವಾರ ಹುಚ್ಚು ಹುಚ್ಚಾಗಿ ವರ್ತಿಸುತ್ತದೆ. ಒಮ್ಮೆ ಉಕ್ಕುತ್ತದೆ, ಒಮ್ಮೆ ನೊರೆಯೇ ಇಲ್ಲ. ಪ್ಲಾಸ್ಟಿಕ್ಕಿನ ಮೇಲಿನ ತಯಾರಿಕೆಯ ಜಿಡ್ಡು ಹೋಗಿ ಬ್ಯಾಕ್ಟೀರಿಯಾಗಳ ತೆಳು ಪೊರೆ ಕೂರುವ ತನಕ ಹೀಗೇ. ಆಮೇಲೆ ನೀರು ಹೊರಬಿಡುವ ವಾಲ್ವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಪ್ರತಿ ಸಲ ಅರ್ಧ ದಿನ ಕಾದು ನೋಡಬೇಕು. ವಾಲ್ವ್ ಮುಚ್ಚಿದಷ್ಟೂ ಒಳಗಿನ ನೀರಿನ ಮಟ್ಟ ಏರಿ ತೆಳು ದ್ರವ ಜಾಸ್ತಿ ಬರುತ್ತದೆ. ತೆರೆದಷ್ಟೂ ಕಡಿಮೆ ಬರುತ್ತದೆ, ಆದರೆ ಗಟ್ಟಿಯಾಗಿ ಕಡು ಹಸಿರು ಮಿಶ್ರಿತ ಕಂದು ಬಣ್ಣದಲ್ಲಿ ಬರುತ್ತದೆ. ಕಪ್ಪಿನಲ್ಲಿ ಕಡಕ್ ಚಹಾದ ಬಣ್ಣ ಕಂಡರೆ ನಾನು ವಾಲ್ವ್ ಮುಟ್ಟಲು ಹೋಗುವುದಿಲ್ಲ. ಸಂಪಿನಲ್ಲಿ ಸ್ಕಿಮ್ಮರ್ ನಿಂತಿರುವ ಕೋಣೆಯ ನೀರಿನ ಮಟ್ಟ ಒಂದೇ ಸಮ ಇರಬೇಕು. ಅಲ್ಲಿ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೂ ಈ ಹೊಂದಾಣಿಕೆ ಕೆಡುತ್ತದೆ.

ಭಾರತದ ಮನೆಗಳಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಗಂಟೆಗೆ ನೂರಾರು ಲೀಟರ್ ಲೆಕ್ಕದಲ್ಲಿ ಎಳೆದು ನೀರಿಗೆ ಬೆರೆಸುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆದರೆ ಅದೂ ನೀರು ಸೇರುತ್ತದೆ. ಸೊಳ್ಳೆ ಔಷಧಿಗಳಲ್ಲಿ ಇರುವ ಪೈರಿಥ್ರಾಯ್ಡ್ ರಾಸಾಯನಿಕಗಳು ಮೀನಿಗೆ ತುಂಬಾ ವಿಷ, ಸಿಗಡಿ ಏಡಿಗಳಿಗಂತೂ ಕೇಳುವುದೇ ಬೇಡ. ಕಾಯಿಲ್, ಲಿಕ್ವಿಡ್ ವೇಪರೈಸರ್ ಕೂಡ ಆ ಕೋಣೆಯಲ್ಲಿ ಬೇಡ. ಗಾಳಿ ಪೈಪನ್ನು ಉದ್ದ ಮಾಡಿ ಕಿಟಕಿಯ ಹೊರಗೆ ಬಿಟ್ಟರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಮುಚ್ಚಿದ ಎಸಿ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿ ಇಳಿಯುವ ಪಿಎಚ್ ಕೂಡ ಇದರಿಂದ ಮೇಲೇರುತ್ತದೆ.

ಕರೆಂಟು ಹೋದಾಗ ಟ್ಯಾಂಕಿನ ಮೇಲಿನ ನೀರು ಇಳಿದು ಸಂಪಿನ ಮಟ್ಟ ಏರುತ್ತದೆ. ಕರೆಂಟು ಬಂದ ಕೂಡಲೇ ಸ್ಕಿಮ್ಮರ್ ಆ ಎತ್ತರದ ನೀರಿನಲ್ಲೇ ಶುರುವಾಗಿ ಉಕ್ಕುತ್ತದೆ, ಕಪ್ಪಿನ ಕೊಳೆಯೆಲ್ಲ ಮತ್ತೆ ಸಂಪಿಗೆ ಚೆಲ್ಲುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಹೀಗಾದರೆ ಸ್ಕಿಮ್ಮರ್ ಇದ್ದೂ ಇಲ್ಲದ ಹಾಗೆ. ಸ್ಕಿಮ್ಮರಿನ ಪ್ಲಗ್ಗಿಗೆ ಒಂದು ಡಿಲೇ ಟೈಮರ್ ಹಾಕಿಸಿ. ನೀರು ಮೇಲೆತ್ತುವ ಪಂಪ್ ಮೊದಲು ಶುರುವಾಗಿ, ಸಂಪಿನ ಮಟ್ಟ ಮಾಮೂಲಿಗೆ ಇಳಿದು, ಐದು ಹತ್ತು ನಿಮಿಷದ ಮೇಲೆ ಸ್ಕಿಮ್ಮರ್ ಓಡಲಿ. ಇನ್ವರ್ಟರ್ ಇದ್ದರೆ ಮೊದಲು ಅದಕ್ಕೆ ಜೋಡಿಸಬೇಕಾದದ್ದು ನೀರೆತ್ತುವ ಪಂಪು, ಸ್ಕಿಮ್ಮರು. ಲೈಟು ಕೆಲವು ಗಂಟೆ ಇಲ್ಲದಿದ್ದರೂ ಮೀನಿಗೆ ಏನೂ ಆಗುವುದಿಲ್ಲ.