ಇ-ಫೆನ್ಸ್: ನಾಯಿಗೆ ಕಲಿಸಬೇಕಾದ ಬೇಲಿ

ಕರೆಂಟ್ ಬೇಲಿ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಆನೆ ಬರದಂತೆ ತೋಟದ ಸುತ್ತ ಎಳೆಯುವ ಸೋಲಾರ್ ಬೇಲಿ. ಅದರಲ್ಲಿ ತಂತಿಯೇ ಹೊಡೆಯುತ್ತದೆ. ಸಾಕುನಾಯಿ ಅಂಗಳ ದಾಟಿ ಹೋಗದಂತೆ ಹಾಕುವ ಇ-ಫೆನ್ಸ್ (ಎಲೆಕ್ಟ್ರಾನಿಕ್ ಬೇಲಿ) ಹಾಗಲ್ಲ. ಕಣ್ಣಿಗೆ ಕಾಣುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಅಂಗಳದ ಅಂಚಿನಲ್ಲಿ ಒಂದೆರಡು ಇಂಚು ಆಳಕ್ಕೆ ತೆಳು ವೈರ್ ಹೂತಿರುತ್ತಾರೆ. ಮನೆಯೊಳಗಿನ ಒಂದು ಪುಟ್ಟ ಪೆಟ್ಟಿಗೆ ಅದರಲ್ಲಿ ರೇಡಿಯೋ ಸಿಗ್ನಲ್ ಹರಿಸುತ್ತದೆ. ನಾಯಿ ಹತ್ತಿರ ಹೋದರೆ ಕೊರಳಪಟ್ಟಿ ಮೊದಲು ಬೀಪ್ ಅನ್ನುತ್ತದೆ. ಇನ್ನೂ ಮುಂದೆ ಹೋದರೆ ಪಟ್ಟಿಯಲ್ಲಿರುವ ಎರಡು ಲೋಹದ ಮೊಳೆಗಳು ಕೊರಳಿಗೆ ಸಣ್ಣ ಶಾಕ್ ಕೊಡುತ್ತವೆ.

ಅಮೆರಿಕದ ರಿಚರ್ಡ್ ಪೆಕ್ ಇದಕ್ಕೆ 1973ರಲ್ಲಿ ಪೇಟೆಂಟ್ ಪಡೆದರು. ಮನೆ ಮುಂದೆ ಬೇಲಿ ಹಾಕಬಾರದು ಎಂಬ ನಿಯಮ ಅಲ್ಲಿನ ಎಷ್ಟೋ ಬಡಾವಣೆಗಳಲ್ಲಿದೆ. ಹಾಗಾಗಿ ಅಲ್ಲಿರುವ ನಮ್ಮ ಕನ್ನಡದವರ ಮನೆಗಳಲ್ಲೂ ಈ ಮಾತು ಬರುತ್ತಿರುತ್ತದೆ.

ಬೇಲಿ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ವೈರ್ ಯಾವ ನಾಯಿಯನ್ನೂ ತಡೆಯುವುದಿಲ್ಲ. ನಾಯಿ ಕಲಿತ ಪಾಠ ತಡೆಯುತ್ತದೆ. ಪೆಟ್ಟಿಗೆ ತಂದು, ವೈರ್ ಹೂತು, ಪಟ್ಟಿ ಕಟ್ಟಿ ಸುಮ್ನೆ ಬಿಟ್ಟರೆ ಏನಾಗುತ್ತದೆ? ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಿದೆಯಲ್ವಾ? ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡಿತು, ಆಮೇಲೆ ಹಾಲು ಕಂಡರೇ ಓಟ. ತಪ್ಪು ಬಿಸಿಯದ್ದು, ಬೆಕ್ಕು ಹೆದರಿದ್ದು ಹಾಲಿಗೆ. ನಾಯಿಯೂ ಅಷ್ಟೇ. ಶಾಕ್ ಹೊಡೆದ ಕ್ಷಣ ಎದುರಿಗೆ ಪಕ್ಕದ ಮನೆ ಮಗು ಸೈಕಲ್ಲಿನಲ್ಲಿ ಹೋಗುತ್ತಿದ್ದರೆ, ನೋವು ಕೊಟ್ಟಿದ್ದು ಆ ಮಗುವೇ ಅಂದುಕೊಳ್ಳಬಹುದು. ಕೆಲವು ನಾಯಿಗಳು ಅಂಗಳಕ್ಕೇ ಇಳಿಯುವುದಿಲ್ಲ.

ಅದಕ್ಕೇ ಗಡಿಯುದ್ದಕ್ಕೂ ಪುಟ್ಟ ಬಾವುಟ ನೆಡುತ್ತಾರೆ. ಕಾಣದ ಗೆರೆಗೆ ಕಾಣುವ ಗುರುತು ಬೇಕಲ್ಲ. ನ್ಯೂಜೆರ್ಸಿಯ ಅಕ್ಕನ ಮನೆಯಲ್ಲಿ ನಾನು ಇದನ್ನು ಹತ್ತಿರದಿಂದ ನೋಡಿದೆ. ಶಾಕ್ ಪೂರ್ತಿ ಬಂದ್, ಬೀಪ್ ಮಾತ್ರ. ಉದ್ದ ಹಗ್ಗ ಹಿಡಿದು ಅಕ್ಕ ತನ್ನ ನಾಯಿ ಚಿನ್ನುವನ್ನು ಬಿಳಿ ಬಾವುಟದ ಕಡೆ ನಡೆಸಿದಳು. ಬೀಪ್ ಆಯಿತು. ಚಿನ್ನು ಕಿವಿ ನಿಮಿರಿಸಿ ನಿಂತಳು. "ಬಾ ಚಿನ್ನೂ, ಬಾ ಬಾ!" ಅಂತ ಅಕ್ಕ ಹಿಂದಕ್ಕೆ ಓಡಿದಳು. ತಿರುಗಿ ಬಂದವಳ ಬಾಯಿಗೆ ತಕ್ಷಣ ಒಂದು ಚೂರು ಕೋಳಿ. ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ನಾಲ್ಕನೇ ದಿನ ಬೀಪ್ ಕೇಳಿದ್ದೇ ತಡ, ಹಗ್ಗ ಎಳೆಯುವ ಮೊದಲೇ ಚಿನ್ನು ತಿರುಗಿದಳು.

ನಾಯಿ ಹೀಗೆ ತಾನಾಗಿ ತಿರುಗಿದ ಮೇಲೆ ಅಳಿಲು, ಚೆಂಡು, ಎದುರು ಮನೆ ನಾಯಿ ಇವೆಲ್ಲ ಕಣ್ಣೆದುರು ಇರುವಾಗ ಮತ್ತೆ ಅದೇ ಪಾಠ. ಬಾವುಟ ತೆಗೆಯುವುದು ಕೊನೆಗೆ, ಅದೂ ಒಂದು ಬಿಟ್ಟು ಒಂದರಂತೆ. ಎರಡು ವಾರವಾದರೂ ಬೇಕು. ಅವಸರ ಮಾಡಿದರೆ ಪೆಟ್ಟು ಬೀಳುವುದು ನಾಯಿಗೆ.

ಶಾಕ್ ಬೇಡವೇ ಬೇಡ ಅನ್ನುವವರೂ ಇದ್ದಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ನಾಯಿ, ಬೆಕ್ಕುಗಳಿಗೆ ಶಾಕ್ ಕೊಡುವ ಪಟ್ಟಿಗಳಿಗೆ 2010ರಿಂದಲೇ ನಿಷೇಧವಿದೆ. ಅಂಜುಬುರುಕ ನಾಯಿಗೆ, ಎಳೇ ಮರಿಗೆ ಇದನ್ನು ಕಟ್ಟಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಚೆನ್ನಾಗಿ ಕಲಿತ ನಾಯಿಗೆ ಬೀಪ್ ಒಂದೇ ಸಾಕು. ಪಟ್ಟಿಯನ್ನು ರಾತ್ರಿ ಬಿಚ್ಚಿಡಿ, ಮೊಳೆ ಒತ್ತಿ ಒತ್ತಿ ಹುಣ್ಣಾಗುತ್ತದೆ. ಇನ್ನೊಂದು ಮಾತು: ಹೊರಗಿನ ನಾಯಿ ಒಳಗೆ ನುಗ್ಗಿದರೆ ಈ ಬೇಲಿ ಏನೂ ಮಾಡುವುದಿಲ್ಲ, ಅದರ ಕೊರಳಲ್ಲಿ ಪಟ್ಟಿ ಇಲ್ಲವಲ್ಲ.

ಈಗ ಅಕ್ಕನ ಅಂಗಳದಲ್ಲಿ ಒಂದೂ ಬಾವುಟವಿಲ್ಲ. ವಾಕಿಂಗಿಗೆ ಹೊರಟಾಗ ಪಟ್ಟಿ ಬಿಚ್ಚಿದರೂ ಚಿನ್ನು ಆ ಗೆರೆಯ ಹತ್ತಿರ ಕೂತುಬಿಡುತ್ತಾಳೆ. ಹಾಗಾಗಿ ಅಕ್ಕ ಅವಳನ್ನು ಕಾರಿನಲ್ಲಿ ಕೂರಿಸಿ ಗೆರೆ ದಾಟಿಸುತ್ತಾಳೆ, ರಸ್ತೆಯಲ್ಲಿ ಇಳಿಸಿ ವಾಕಿಂಗ್ ಶುರು ಮಾಡುತ್ತಾಳೆ.